ಮಾಂಟೆಸರಿ ದಾರಿಯಲ್ಲಿ ಕನ್ನಡದ ಓದು, ಬರಹ, ವ್ಯಾಕರಣ: ಪದೇ ಪದೇ ಕೇಳುವ ಪ್ರಶ್ನೆಗಳು

ಮೂರರಿಂದ ಆರು ವರ್ಷದ ಮಕ್ಕಳಿಗೆ ಮಾಂಟೆಸರಿ ಸಾಮಗ್ರಿಗಳ ಮೂಲಕ ಕನ್ನಡ ಕಲಿಸುವುದು ನನ್ನ ಕೆಲಸ. ಬೆಳಗ್ಗೆ ಮಗುವನ್ನು ಬಿಡಲು ಬರುವ ಅಪ್ಪ ಅಮ್ಮ, ಮಧ್ಯಾಹ್ನ ಕರೆದುಕೊಂಡು ಹೋಗಲು ಬರುವ ಅಜ್ಜ ಅಜ್ಜಿ, ಹೊಸದಾಗಿ ಸೇರಿದ ಶಿಕ್ಷಕಿಯರು ಗೇಟಿನ ಹತ್ತಿರ ನಿಂತು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ. ನಿಂತಲ್ಲೇ ಕೊಡುವ ಉತ್ತರ ಯಾವಾಗಲೂ ಅರ್ಧಕ್ಕೇ ನಿಲ್ಲುತ್ತದೆ. ಅದಕ್ಕೇ ಇಲ್ಲಿ ಬಿಡಿಸಿ ಬರೆದಿದ್ದೇನೆ. ಇಟಾಲಿಯನ್, ಇಂಗ್ಲಿಷ್ ಭಾಷೆಗಳಿಗೆಂದು ರೂಪಿಸಿದ ಸಾಮಗ್ರಿಯನ್ನು ಇದ್ದ ಹಾಗೇ ಕನ್ನಡಕ್ಕೆ ಹಚ್ಚಿದರೆ ಎಲ್ಲಿ ಎಡವುತ್ತೇವೆ, ಎಲ್ಲಿ ನಮ್ಮ ಭಾಷೆಯೇ ದಾರಿ ತೋರಿಸುತ್ತದೆ ಎಂಬುದರ ಬಗ್ಗೆ ಹೆಚ್ಚು ಹೇಳಿದ್ದೇನೆ.

ಮಾಂಟೆಸರಿ ಅಂದರೆ ಎಲ್‌ಕೆಜಿ, ಯುಕೆಜಿಗೆ ಇನ್ನೊಂದು ಹೆಸರೇ?

ಅಲ್ಲ. ಮರಿಯಾ ಮಾಂಟೆಸರಿ ಇಟಲಿಯ ವೈದ್ಯೆ. 1907ರ ಜನವರಿ 6ರಂದು ರೋಮ್ ನಗರದ ಸ್ಯಾನ್ ಲೊರೆಂಜೊ ಎಂಬ ಬಡವರ ಕೇರಿಯಲ್ಲಿ ಮೊದಲ 'ಮಕ್ಕಳ ಮನೆ' ತೆರೆದರು. ಮಗುವಿನ ಕೈಗೆ ಸರಿಯಾದ ವಸ್ತು ಸಿಕ್ಕರೆ, ಅದರ ಜೊತೆ ಬೇಕಾದಷ್ಟು ಹೊತ್ತು ಇರಲು ಬಿಟ್ಟರೆ, ಮಗು ತಾನಾಗಿ ಕಲಿಯುತ್ತದೆ ಎಂಬುದನ್ನು ಅವರು ಅಲ್ಲಿ ಕಣ್ಣಾರೆ ಕಂಡರು. 1939ರಲ್ಲಿ ಥಿಯಾಸಾಫಿಕಲ್ ಸೊಸೈಟಿಯ ಕರೆಯ ಮೇರೆಗೆ ಮದ್ರಾಸಿನ ಅಡ್ಯಾರಿಗೆ ಬಂದವರು, ಯುದ್ಧದ ಕಾರಣ 1946ರವರೆಗೆ ಭಾರತದಲ್ಲೇ ಉಳಿದು, ಅಡ್ಯಾರ್, ಕೊಡೈಕೆನಾಲ್ ಮುಂತಾದ ಕಡೆ ನೂರಾರು ಶಿಕ್ಷಕರನ್ನು ತಯಾರು ಮಾಡಿದರು. ಈ ಪದ್ಧತಿ ನಮ್ಮ ಕಡೆ ಇಷ್ಟು ಬೇರುಬಿಡಲು ಆ ವರ್ಷಗಳೇ ಕಾರಣ.

ಮಾಂಟೆಸರಿ ಎಂಬ ಹೆಸರನ್ನು ಬೋರ್ಡಿನ ಮೇಲೆ ಯಾರು ಬೇಕಾದರೂ ಬರೆಸಿಕೊಳ್ಳಬಹುದು. ನೀವು ಒಳಗೆ ಹೋಗಿ ಮೂರು ವಿಷಯ ನೋಡಿ: ಬೇರೆ ಬೇರೆ ವಯಸ್ಸಿನ ಮಕ್ಕಳು ಒಂದೇ ಕೋಣೆಯಲ್ಲಿದ್ದಾರಾ, ಸಾಮಗ್ರಿ ಮಕ್ಕಳ ಕೈಗೆಟಕುವ ಎತ್ತರದಲ್ಲಿದೆಯಾ, ಎಲ್ಲ ಮಕ್ಕಳೂ ಒಂದೇ ಹೊತ್ತಿಗೆ ಒಂದೇ ಪುಟ ಬರೆಯುತ್ತಿಲ್ಲ ತಾನೇ.

ಓದಲು ಬರುವ ಮೊದಲೇ ಬರೆಸುತ್ತೀರಂತೆ. ಅದು ಹೇಗೆ ಸಾಧ್ಯ?

ಬರೆಯುವುದೆಂದರೆ ಮಗು ತನಗೆ ಆಗಲೇ ಗೊತ್ತಿರುವ ಮಾತನ್ನು ಹೊರಗೆ ಇಡುವುದು. ಓದುವುದೆಂದರೆ ಬೇರೆಯವರ ಮನಸ್ಸಿನಲ್ಲಿದ್ದದ್ದನ್ನು ಗೆರೆಗಳಿಂದ ಬಿಡಿಸಿಕೊಳ್ಳುವುದು. ಎರಡನೆಯದು ಕಷ್ಟ. 'ಅಮ್ಮ' ಎಂದು ಜೋಡಿಸಲು ಹೊರಟ ಮಗುವಿಗೆ ತಾನು ಏನು ಹೇಳಬೇಕೆಂದು ಮೊದಲೇ ಗೊತ್ತಿರುತ್ತದೆ. ಅದೇ ಪದ ಪುಸ್ತಕದಲ್ಲಿ ಎದುರಾದರೆ ಮೊದಲು ಅಕ್ಷರ, ಆಮೇಲೆ ಧ್ವನಿ, ಕೊನೆಗೆ ಅರ್ಥ ಅಂತ ಹುಡುಕಬೇಕು.

ರೋಮಿನ ಆ ಶಾಲೆಯ ಒಂದು ಪ್ರಸಂಗವನ್ನು ಮಾಂಟೆಸರಿ ಅವರೇ ದಾಖಲಿಸಿದ್ದಾರೆ. ಡಿಸೆಂಬರಿನ ಒಂದು ಬಿಸಿಲಿನ ದಿನ ಮಕ್ಕಳೊಂದಿಗೆ ತಾರಸಿಯ ಮೇಲಿದ್ದರು. ಹತ್ತಿರ ಕೂತಿದ್ದ ಹುಡುಗನ ಕೈಗೆ ಸೀಮೆಸುಣ್ಣ ಕೊಟ್ಟು ಅಲ್ಲಿದ್ದ ಹೊಗೆಗೂಡಿನ ಚಿತ್ರ ಬರೆಯಲು ಹೇಳಿದರು. ಅವನು ಚಿತ್ರ ಬರೆದ. ಆಮೇಲೆ ಇದ್ದಕ್ಕಿದ್ದಂತೆ 'ನನಗೆ ಬರೆಯೋಕೆ ಬರುತ್ತೆ' ಎಂದು ಕೂಗುತ್ತಾ ನೆಲದ ಮೇಲೆ 'ಕೈ' ಎಂಬ ಪದ ಬರೆದ, ನಂತರ 'ಹೊಗೆಗೂಡು', 'ಚಾವಣಿ' ಎಂದು ಬರೆದ, ಇಟಾಲಿಯನ್ ಭಾಷೆಯಲ್ಲಿ. ಅವನಿಗೆ ಪದ ಬರೆಯುವುದನ್ನು ಯಾರೂ ಕಲಿಸಿರಲಿಲ್ಲ. ಕೈಗೆ ಅಕ್ಷರದ ಜಾಡು ಗೊತ್ತಿತ್ತು, ಕಿವಿಗೆ ಧ್ವನಿ ಗೊತ್ತಿತ್ತು, ಎರಡೂ ಆ ಕ್ಷಣಕ್ಕೆ ಕೂಡಿಕೊಂಡವು.

ಅಕ್ಷರ ಶುರುಮಾಡಲು ಸರಿಯಾದ ವಯಸ್ಸು ಯಾವುದು?

ಮೂರೂವರೆಯ ಆಸುಪಾಸಿನಲ್ಲಿ ಬಹಳಷ್ಟು ಮಕ್ಕಳು ಅಕ್ಷರಗಳನ್ನು ಮುಟ್ಟಿ ನೋಡಲು ತಾವಾಗಿ ಬರುತ್ತಾರೆ. ಕೆಲವರು ಐದರವರೆಗೂ ಬರುವುದಿಲ್ಲ. ಪಕ್ಕದ ಮನೆಯ ಮಗು ಎರಡು ಪುಟ ಬರೆಯುತ್ತಿದೆ ಎಂಬ ಆತಂಕ ನನಗೆ ಅರ್ಥವಾಗುತ್ತದೆ. ಆದರೆ ಕೈ ಹದಕ್ಕೆ ಬರುವ ಮೊದಲು ಪೆನ್ಸಿಲ್ ಹಿಡಿಸಿದರೆ ಮಗು ಅದನ್ನು ಮುಷ್ಟಿ ಕಟ್ಟಿ ಹಿಡಿಯಲು ಕಲಿಯುತ್ತದೆ. ಅದನ್ನು ಬಿಡಿಸುವುದು ಆಮೇಲೆ ಬಹಳ ಕಷ್ಟ.

ಅಕ್ಷರಕ್ಕೂ ಮೊದಲು ಮನೆಯಲ್ಲಿ ಏನು ಮಾಡಿಸಬಹುದು?

ಧ್ವನಿಯ ಆಟ. 'ನನ್ನ ಕಣ್ಣಿಗೆ ಒಂದು ವಸ್ತು ಕಾಣ್ತಿದೆ, ಅದು ಚ ಅಂತ ಶುರುವಾಗುತ್ತೆ' ಎನ್ನಿ. ಮಗು ಚಮಚವನ್ನೋ ಚಾಪೆಯನ್ನೋ ಹುಡುಕಲಿ. ಚಾಪೆ ಎಂದರೂ ಸರಿಯೇ, ಚ ಮತ್ತು ಚಾ ಬೇರೆ ಎಂಬ ವಿಚಾರಣೆ ಈಗಲೇ ಬೇಡ. ಮೊದಲ ಧ್ವನಿ ಕಿವಿಗೆ ಬಿದ್ದ ಮೇಲೆ ಕೊನೆಯ ಧ್ವನಿಗೆ ಬನ್ನಿ. ಅದಕ್ಕೆ ನಮ್ಮಲ್ಲಿ ಅಂತ್ಯಾಕ್ಷರಿ ಇದ್ದೇ ಇದೆ. ಹಾಡು ಬೇಕಿಲ್ಲ, ಬರೀ ಪದಗಳು ಸಾಕು: ಮರ, ರವೆ, ವೇಷ. ಬಸ್ಸಿನಲ್ಲಿ ಕೂತಾಗ, ತರಕಾರಿ ಹೆಚ್ಚುವಾಗ ಆಡುವ ಆಟ ಇದು.

ಕನ್ನಡದ ಮಗುವಿನ ಕಿವಿ ಮಾತನ್ನು ಒಡೆಯುವುದು ಅಕ್ಷರ ಅಕ್ಷರವಾಗಿ. 'ಕಮಲ' ಎಂದರೆ ಕ, ಮ, ಲ. ಇಂಗ್ಲಿಷಿನ ಹಾಗೆ ಕ್ ಬೇರೆ, ಅ ಬೇರೆ ಎಂದು ಮೂರು ವರ್ಷದ ಮಗುವಿನಿಂದ ಒಡೆಸಲು ಹೋಗಬೇಡಿ.

ಕೈಗೆ ಹದ ಬರಲು ರಂಗೋಲಿಗಿಂತ ಒಳ್ಳೆಯದಿಲ್ಲ. ಮಾಂಟೆಸರಿಯಲ್ಲಿ ಲೋಹದ ಹತ್ತು ಆಕೃತಿಗಳಿವೆ. ಚೌಕಟ್ಟಿನೊಳಗೆ ಪೆನ್ಸಿಲ್ ಓಡಿಸಿ, ಒಳಗೆ ಗೆರೆ ತುಂಬಿಸುವುದು. ಕನ್ನಡ ಲಿಪಿ ದುಂಡಗಿರುವುದರಿಂದ ಅವುಗಳಲ್ಲಿ ವೃತ್ತ, ಮೊಟ್ಟೆಯಾಕಾರ, ನಾಲ್ಕೆಸಳಿನ ಹೂವಿನಂಥವನ್ನು ನಾನು ಹೆಚ್ಚು ಕೊಡುತ್ತೇನೆ.

ಉಪ್ಪುಕಾಗದದ ಅಕ್ಷರ ಅಂದರೆ ಏನು? ಮನೆಯಲ್ಲಿ ಮಾಡಬಹುದಾ?

ಬಡಗಿಗಳು ಮರ ಉಜ್ಜುವ ಉಪ್ಪುಕಾಗದದಲ್ಲಿ ಅಕ್ಷರ ಕತ್ತರಿಸಿ ನಯವಾದ ರಟ್ಟಿಗೋ ಹಲಗೆಗೋ ಅಂಟಿಸಿದ್ದು. ಮಗು ತೋರುಬೆರಳು, ನಡುಬೆರಳು ಎರಡನ್ನೂ ಸೇರಿಸಿ, ಬರೆಯುವ ದಿಕ್ಕಿನಲ್ಲೇ ಅದರ ಮೇಲೆ ಬೆರಳಾಡಿಸುತ್ತಾ ಧ್ವನಿಯನ್ನು ಬಾಯಲ್ಲಿ ಹೇಳುತ್ತದೆ. ಕಣ್ಣು, ಕೈ, ಕಿವಿ ಮೂರೂ ಒಂದೇ ಹೊತ್ತಿಗೆ ಒಂದೇ ಅಕ್ಷರದ ಮೇಲಿರುತ್ತವೆ. ಇದು ನಮಗೆ ಹೊಸದೇನಲ್ಲ. ಹಿಂದಿನ ಕಾಲದ ಊರಶಾಲೆಗಳಾದ ಕೂಲಿಮಠಗಳಲ್ಲಿ ಮರಳು ಹರವಿ ಬೆರಳಿನಲ್ಲೇ ಅಕ್ಷರ ತಿದ್ದಿಸುತ್ತಿದ್ದರು. ಇವತ್ತಿಗೂ ಅಕ್ಷರಾಭ್ಯಾಸದ ದಿನ ತಟ್ಟೆಯ ಅಕ್ಕಿಯಲ್ಲಿ ಮಗುವಿನ ಬೆರಳು ಹಿಡಿದು ಬರೆಸುತ್ತೇವೆ. ಆ ಒಂದು ದಿನದ ಶಾಸ್ತ್ರವನ್ನು ದಿನಾ ಮಾಡಿದರೆ ಹೇಗಿರುತ್ತದೋ ಹಾಗೆ.

ಮಾಡುವಾಗ ತೀರಾ ಒರಟು ಕಾಗದ ಬೇಡ, ಬೆರಳು ಉರಿಯುತ್ತದೆ. ಕಾಗದದ ಹಿಂಬದಿಯಲ್ಲಿ ಅಕ್ಷರವನ್ನು ಕನ್ನಡಿಯಲ್ಲಿ ಕಂಡಂತೆ ತಿರುಗಿಸಿ ಬರೆದು ಕತ್ತರಿಸಿ. ಮಾಂಟೆಸರಿ ರೂಢಿಯಲ್ಲಿ ಸ್ವರಗಳ ಹಲಗೆ ನೀಲಿ, ವ್ಯಂಜನಗಳದ್ದು ಗುಲಾಬಿ. ಅದೇ ರೂಢಿ ಹಿಡಿದು ನಾನು ಕಾಗುಣಿತದ ಚಿಹ್ನೆಗಳನ್ನೂ ನೀಲಿಯಲ್ಲೇ ಮಾಡುತ್ತೇನೆ, ಏಕೆಂದರೆ ಅವು ವೇಷ ಬದಲಿಸಿದ ಸ್ವರಗಳೇ.

ಕೊಡುವ ಕ್ರಮಕ್ಕೆ ಮೂರು ಹಂತ. ಫ್ರೆಂಚ್ ವೈದ್ಯ ಸೆಗ್ವಾನ್ ಅವರಿಂದ ಮಾಂಟೆಸರಿ ಪಡೆದದ್ದು ಇದು. ಮೊದಲು 'ಇದು ಸ, ಇದು ಮ' ಎಂದು ಹೇಳಿ ತಿದ್ದಿಸುವುದು. ಆಮೇಲೆ 'ಮ ಎಲ್ಲಿದೆ ತೋರಿಸು, ಸ ಅಂಗೈಯಲ್ಲಿ ಮುಚ್ಚು, ಮ ನನ್ನ ತೊಡೆಮೇಲೆ ಇಡು' ಎಂದು ಆಡುವುದು. ಕೊನೆಗೆ 'ಇದು ಯಾವುದು?' ಎಂದು ಕೇಳುವುದು. ಎರಡನೇ ಹಂತದಲ್ಲಿ ಬಹಳ ಹೊತ್ತು ನಿಲ್ಲಿ. ಮನೆಯಲ್ಲಿ ನಾವೆಲ್ಲ ಅದನ್ನು ಹಾರಿಸಿ ನೇರ ಪರೀಕ್ಷೆಗೆ ಇಳಿಯುತ್ತೇವೆ, ಮಗು ಅಲ್ಲಿಗೆ ಮಾತು ನಿಲ್ಲಿಸುತ್ತದೆ.

ಅ ಆ ಇ ಈ ಕ್ರಮದಲ್ಲೇ ಕಲಿಸಬೇಕಲ್ಲವೇ?

ವರ್ಣಮಾಲೆಯ ಕ್ರಮ ಅದ್ಭುತವಾದದ್ದು. ಗಂಟಲಿನಿಂದ ಶುರುವಾಗಿ ತುಟಿಯವರೆಗೆ, ಧ್ವನಿ ಹುಟ್ಟುವ ಜಾಗದ ಪ್ರಕಾರ ಕ ವರ್ಗದಿಂದ ಪ ವರ್ಗದವರೆಗೆ ಜೋಡಿಸಿಟ್ಟಿದ್ದಾರೆ. ಹಾಡಾಗಿ ಕಲಿಯಲಿ. ಆದರೆ ಬರೆಯಲು, ಪದ ಕಟ್ಟಲು ಆ ಕ್ರಮ ನೆರವಿಗೆ ಬರುವುದಿಲ್ಲ. ಅ ಆ ಇ ಈ ಉ ಊ ಅಷ್ಟೂ ಕಲಿತ ಮಗುವಿಗೆ ಕಟ್ಟಲು ಪದವೇ ಇಲ್ಲ. ಕ ಖ ಗ ಘ ಙ ಕಲಿತ ಮಗುವಿಗೂ ಇಲ್ಲ.

ನಮ್ಮ ಸರ್ಕಾರಿ ಶಾಲೆಗಳ ನಲಿ ಕಲಿಯಲ್ಲಿ ಮೊದಲು ಕೊಡುವ ಅಕ್ಷರಗಳು ರ, ಗ, ಸ, ದ, ಅ. ಈ ಐದರಲ್ಲೇ ಅರಸ, ಅಗಸ, ಸರ, ಗರಗಸ ಹುಟ್ಟುತ್ತವೆ. ಒಂದೇ ವಾರದಲ್ಲಿ ಮಗು ಪದ ಕಟ್ಟುತ್ತದೆ. ನಾನೂ ಇದೇ ಹಾದಿ ಹಿಡಿದಿದ್ದೇನೆ, ಜೊತೆಗೆ ಆ ಮಗುವಿನ ಹೆಸರಿನ ಮೊದಲ ಅಕ್ಷರ ಸೇರಿಸುತ್ತೇನೆ.

ಒಂದು ಎಚ್ಚರಿಕೆ. ನೋಡಲು ಹತ್ತಿರವಿರುವ ಅಕ್ಷರಗಳನ್ನು ಒಟ್ಟಿಗೆ ಕೊಡಬೇಡಿ. ನನ್ನ ಮೊದಲ ವರ್ಷದಲ್ಲಿ ಪ ಮತ್ತು ಷ ಎರಡನ್ನೂ ಒಂದೇ ದಿನ ಒಬ್ಬ ಹುಡುಗನ ಮುಂದೆ ಇಟ್ಟೆ, ಹೊಟ್ಟೆಯೊಳಗಿನ ಗೆರೆಯ ವ್ಯತ್ಯಾಸ ತೋರಿಸುವ ಆಸೆಯಿಂದ. ಎರಡು ತಿಂಗಳಾದರೂ ಅವನಿಗೆ ಎರಡೂ ಸ್ಪಷ್ಟವಾಗಲಿಲ್ಲ. ದ–ಧ–ಥ, ಬ–ಭ, ಡ–ಢ ಇವುಗಳ ಕಥೆಯೂ ಅಷ್ಟೇ. ಮಹಾಪ್ರಾಣಗಳು ಕೊನೆಗೆ ಬರಲಿ. ಮಗುವಿನ ದಿನದ ಮಾತಿನಲ್ಲಿ ಅವು ಬಹಳ ಕಡಿಮೆ.

ಕಾಗುಣಿತ ಬಾಯಿಪಾಠ ಮಾಡಿಸುತ್ತೀರಾ?

'ಕ ತಲಕಟ್ಟು ಕ, ಕ ಇಳಿ ಕಾ, ಕ ಗುಡಿಸು ಕಿ...' ಈ ಹಾಡಿನಲ್ಲಿ ದೊಡ್ಡ ವಿಚಾರ ಅಡಗಿದೆ, ಅದನ್ನು ಬಿಡಬಾರದು. ಲೆಕ್ಕ ಹಾಕಿ: 34 ವ್ಯಂಜನಕ್ಕೆ 13 ಸ್ವರ ಸೇರಿದರೆ 442 ರೂಪ. ಇಷ್ಟನ್ನೂ ಬಿಡಿಬಿಡಿಯಾಗಿ ನೆನಪಿಡಬೇಕು ಎಂದುಕೊಂಡರೆ ಯಾವ ಮಗುವೂ ಹೆದರುತ್ತದೆ. ಹಾಡು ಹೇಳುವುದೇ ಬೇರೆ: ಚಿಹ್ನೆಗಳು ಹನ್ನೆರಡು ಹದಿಮೂರು ಮಾತ್ರ, ಅವೇ ಎಲ್ಲ ಕಡೆ ಬರುತ್ತವೆ.

ಇದನ್ನು ಕೈಗೆ ತರುವ ಬಗೆ ಹೇಳುತ್ತೇನೆ. ಪದ ಜೋಡಿಸಲೆಂದು ರಟ್ಟಿನಲ್ಲಿ ಕತ್ತರಿಸುವ ಬಿಡಿ ಅಕ್ಷರಗಳ ಪೆಟ್ಟಿಗೆ ಮಾಡುವಾಗ ಹೆಚ್ಚಿನವರು ಕ ಎಂಬುದನ್ನು ತಲಕಟ್ಟಿನ ಸಮೇತ ಕತ್ತರಿಸುತ್ತಾರೆ. ಆಮೇಲೆ ಕಿ ಮಾಡಲು ಗುಡಿಸನ್ನು ಎಲ್ಲಿ ಇಡುವುದು? ತಲಕಟ್ಟು ಜಾಗ ಬಿಡುವುದಿಲ್ಲ. ತಲಕಟ್ಟು ಅಕ್ಷರದ ಭಾಗವಲ್ಲ, ಅದು 'ಅ' ಎಂಬ ಸ್ವರದ ಚಿಹ್ನೆ ಎನ್ನುವುದು ನನಗೆ ಹೊಳೆದದ್ದು ಕತ್ತರಿ ಕೈಯಲ್ಲಿ ಹಿಡಿದಾಗಲೇ. ಈಗ ಕ, ಗ, ತ, ದ, ಪ, ರ, ಸ ಇವುಗಳ ಮೈ ಮಾತ್ರ ಗುಲಾಬಿ ರಟ್ಟಿನಲ್ಲಿ, ತಲಕಟ್ಟು, ಇಳಿ, ಗುಡಿಸು, ಕೊಂಬು, ಎತ್ವ ಎಲ್ಲ ನೀಲಿ ರಟ್ಟಿನಲ್ಲಿ. ಮಗು ತಲಕಟ್ಟು ತೆಗೆದು ಗುಡಿಸು ಇಡುತ್ತದೆ, ಕ ಹೋಗಿ ಕಿ ಬರುತ್ತದೆ. ಬ, ಲ, ಜ, ಣ ದಂಥ ಅಕ್ಷರಗಳಿಗೆ ತಲಕಟ್ಟೇ ಇಲ್ಲ. ಅವುಗಳಿಗೆ, ಹಾಗೇ ಮ, ಯ ದಂಥ ಹಟಮಾರಿಗಳಿಗೆ ಕಾಗುಣಿತದ ರೂಪಗಳನ್ನು ಇಡಿಯಾಗಿಯೇ ಕತ್ತರಿಸಿಟ್ಟುಬಿಡಿ. ನಿಯಮ ಗೊತ್ತಾದ ಮಗು ಅಪವಾದವನ್ನು ಸಲೀಸಾಗಿ ಒಪ್ಪುತ್ತದೆ.

ಒತ್ತಕ್ಷರ ಒಂದನೇ ತರಗತಿಗೆ ಬಿಡುವುದು ಒಳ್ಳೆಯದಲ್ಲವೇ?

ಹಾಗೆ ಬಿಡಲು ಕನ್ನಡ ಅವಕಾಶ ಕೊಡುವುದಿಲ್ಲ. ಮಗುವಿಗೆ ಹತ್ತಿರದವರ ಹೆಸರು ಹೇಳಿ: ಅಮ್ಮ, ಅಪ್ಪ, ಅಕ್ಕ, ಅಣ್ಣ, ಅಜ್ಜಿ. ಅಡುಗೆಮನೆ ನೋಡಿ: ಅಕ್ಕಿ, ಉಪ್ಪು, ಬೆಲ್ಲ, ಸಕ್ಕರೆ, ಎಣ್ಣೆ. ಎಲ್ಲದರಲ್ಲೂ ಒತ್ತು. ಮಗುವಿನ ಪ್ರಪಂಚವೇ ಸಜಾತಿ ಒತ್ತಿನಲ್ಲಿದೆ. ಆದ್ದರಿಂದ ನಾಲ್ಕೂವರೆ ಐದಕ್ಕೆ, ಕಾಗುಣಿತ ಕೈಗೆ ಹತ್ತಿದ ಕೂಡಲೇ, ಇದೇ ಪದಗಳಿಂದ ಶುರುಮಾಡುತ್ತೇನೆ.

ಸುಲಭ ಮಾಡುವ ಒಂದು ಸಂಗತಿ: ಹೆಚ್ಚಿನ ಒತ್ತುಗಳು ಅದೇ ಅಕ್ಷರದ ತಲಕಟ್ಟಿಲ್ಲದ ಪುಟ್ಟ ರೂಪ. ಪೂರ್ತಿ ಬೇರೆ ರೂಪ ತಾಳುವವು ಆರೇ: ತ, ನ, ಮ, ಯ, ರ, ಲ. ಈ ಆರನ್ನು ಮಾತ್ರ ಉಪ್ಪುಕಾಗದದಲ್ಲಿ ಕತ್ತರಿಸಿ ತಿದ್ದಿಸಿದರೆ ಸಾಕು.

ಕಷ್ಟ ಇರುವುದು ಬೇರೆ ಕಡೆ. 'ಅಜ್ಜಿ' ಎನ್ನುವಾಗ ಬಾಯಿ ಹೇಳುವುದು ಜ್, ಆಮೇಲೆ ಜಿ. ಬರೆಯುವಾಗ ಗುಡಿಸು ಮೇಲಿನ ಜ ಗೆ, ಒತ್ತು ಅದರ ಕೆಳಗೆ. ಕಿವಿಯ ಕ್ರಮ ಒಂದು, ಕಣ್ಣಿನ ಕ್ರಮ ಇನ್ನೊಂದು. ಬುದ್ಧಿವಂತ ಮಕ್ಕಳೂ ಇಲ್ಲಿ ತಡವರಿಸುತ್ತಾರೆ. ಅದಕ್ಕೆ ನಾನು ಮಾಡುವುದು ಇಷ್ಟು: ಚಾಪೆಯ ಮೇಲೆ ಜಿ ಇಟ್ಟು, ಎರಡು ಬಾರಿ ಚಪ್ಪಾಳೆ ತಟ್ಟಿ ಅಜ್‌–ಜಿ ಎಂದು ಹೇಳಿಸಿ, 'ಜಿ ಭಾರವಾಯ್ತು, ಕೆಳಗೆ ಒಂದು ಕಾಲು ಕೊಡೋಣ' ಎಂದು ಪುಟ್ಟ ಜ ವನ್ನು ಕೆಳಗೆ ಇಡುವುದು. ಅರ್ಕಾವತ್ತು, 'ಸ್ತ್ರ' ದಂಥ ಮೂರಂತಸ್ತಿನ ಅಕ್ಷರಗಳು ಆರು ವರ್ಷದ ನಂತರದ ಮಾತು.

ಮಗು ತಪ್ಪು ಬರೆದರೆ ತಿದ್ದಬೇಕೇ?

ಬಿಡಿ ಅಕ್ಷರಗಳಲ್ಲಿ ಜೋಡಿಸುವಾಗ ತಿದ್ದಬೇಡಿ. 'ಅಕ್ಕ' ಎನ್ನಲು 'ಅಕ' ಎಂದಿಟ್ಟ ಮಗು ತನ್ನ ಕಿವಿಗೆ ಕೇಳಿದ್ದನ್ನು ಪ್ರಾಮಾಣಿಕವಾಗಿ ಇಟ್ಟಿದೆ. ಇನ್ನೊಂದು ದಿನ ಒತ್ತಿನ ಆಟ ಆಡಿ, ಅಷ್ಟೇ. ಕನ್ನಡಿ ಬಿಂಬದ ಹಾಗೆ ತಿರುವಿ ಬರೆಯುವುದು ಆರರವರೆಗೂ ಇರುತ್ತದೆ. ಮತ್ತೆ ಉಪ್ಪುಕಾಗದಕ್ಕೆ ಕಳಿಸಿ, ಬೆರಳು ನೆನಪಿಸಿಕೊಳ್ಳುತ್ತದೆ. ಎಡಗೈ ಮಗುವನ್ನು ಬಲಗೈಗೆ ತಿರುಗಿಸಬೇಡಿ.

ಓದು ಶುರುವಾಗುವುದು ಯಾವಾಗ? ಯಾವ ಪುಸ್ತಕ ಕೊಡಲಿ?

ಮೊದಲ ಓದಿಗೆ ಪುಸ್ತಕ ಬೇಡ, ಚೀಟಿ ಸಾಕು. ಒಂದು ಬುಟ್ಟಿಯಲ್ಲಿ ಚಮಚ, ಬಳಪ, ಕಡಗ, ಸರ ಇಡಿ. ನಾಲ್ಕರಲ್ಲೂ ಕಾಗುಣಿತವಿಲ್ಲ, ಒತ್ತಿಲ್ಲ. ಮಗುವಿನ ಎದುರಿಗೇ ಒಂದು ಚೀಟಿಯಲ್ಲಿ 'ಬಳಪ' ಎಂದು ಬರೆದು ಮಡಿಸಿ ಕೊಡಿ, 'ಇವುಗಳಲ್ಲಿ ಒಂದು ನನಗೆ ಬೇಕು, ಏನು ಅಂತ ಬಾಯಲ್ಲಿ ಹೇಳಲ್ಲ' ಎನ್ನಿ. ಮಗು ಬ... ಳ... ಪ... ಎಂದು ನಿಧಾನಕ್ಕೆ ಹೇಳುತ್ತದೆ. 'ಇನ್ನೂ ಬೇಗ ಹೇಳು' ಎಂದು ಮೆಲ್ಲಗೆ ಹುರಿದುಂಬಿಸಿ. ಮೂರನೇ ಸಲಕ್ಕೋ ನಾಲ್ಕನೇ ಸಲಕ್ಕೋ ಬಿಡಿ ಅಕ್ಷರಗಳು ಕೂಡಿ ಪದವಾಗುತ್ತವೆ, ಕೈ ಬುಟ್ಟಿಗೆ ಹೋಗುತ್ತದೆ. ಆ ಮುಖ ನೋಡಲೆಂದೇ ನಾನು ಈ ಕೆಲಸದಲ್ಲಿದ್ದೇನೆ.

ಅಲ್ಲಿಂದ ಮನೆಯೆಲ್ಲ ಚೀಟಿ. ಅಡುಗೆಮನೆಯ ಡಬ್ಬಗಳಿಗೆ ಹೆಸರು ಅಂಟಿಸುವ ಕೆಲಸವನ್ನು ಮಗುವಿಗೇ ಬಿಡಿ. ಪುಸ್ತಕ ನೀವು ಓದಿ ಹೇಳುವುದು ಹುಟ್ಟಿದಾಗಿನಿಂದಲೂ ಇರಲಿ, ಮಗು ತಾನೇ ಓದುವ ಪುಸ್ತಕ ಆಮೇಲೆ ಬರುತ್ತದೆ.

ನಮ್ಮ ಮನೆಮಾತು ತುಳು. ಪಕ್ಕದವರದು ಉರ್ದು. ಮಗು ಗೊಂದಲಕ್ಕೆ ಬೀಳುವುದಿಲ್ಲವೇ?

ಗೊಂದಲ ಬೀಳುವುದು ನಾವು. ಮಗುವಿಗೆ ಗೊತ್ತಿಲ್ಲದ ಪದವನ್ನು ಓದಿಸಬಾರದು ಎಂಬುದೊಂದೇ ನಿಯಮ. ಆದ್ದರಿಂದ ಬುಟ್ಟಿಯ ವಸ್ತುಗಳ ಹೆಸರನ್ನು ಕನ್ನಡದಲ್ಲಿ ಮೊದಲು ಮಾತಾಗಿ ಕೊಡಿ, ವಾರವಾದ ಮೇಲೆ ಚೀಟಿ ಕೊಡಿ. ತುಳು, ಕೊಂಕಣಿ ಮಾತಾಡುವ ಮನೆಯವರು ತಮ್ಮ ಪದಗಳನ್ನೂ ಕನ್ನಡ ಅಕ್ಷರದಲ್ಲಿ ಬರೆದಿಡಬಹುದು.

ಕನ್ನಡದ ಮನೆಗಳಲ್ಲೂ ಇದೇ ಪ್ರಶ್ನೆ ಇನ್ನೊಂದು ರೂಪದಲ್ಲಿದೆ. ಪುಸ್ತಕ 'ಬರುತ್ತೇನೆ' ಎನ್ನುತ್ತದೆ. ಮಗು 'ಬರ್ತೀನಿ' ಅನ್ನುತ್ತದೆ, ಧಾರವಾಡದ ಮಗು 'ಬರ್ತೇನಿ' ಅನ್ನುತ್ತದೆ. 'ಹಾಲು' ಅನ್ನು 'ಆಲು' ಎನ್ನುವ ಮಗು ಆ ಇಟ್ಟು ಬರೆಯುತ್ತದೆ. ಮಗುವಿನ ಮಾತನ್ನು ತಪ್ಪು ಎನ್ನಬೇಡಿ. 'ನಾವು ಹೀಗೆ ಅಂತೀವಿ, ಪುಸ್ತಕ ಹೀಗೆ ಅನ್ನುತ್ತೆ' ಎಂದು ಎರಡನ್ನೂ ಪಕ್ಕಪಕ್ಕ ಇಡಿ. ಅಜ್ಜಿಯ ಮಾತನ್ನು ಕೀಳು ಮಾಡಿ ಕಲಿಸಿದ ಅಕ್ಷರ ಯಾರಿಗೂ ಬೇಡ.

ಇಂಗ್ಲಿಷ್ ಅಕ್ಷರವನ್ನೂ ಜೊತೆಗೇ ಕೊಡಬಹುದೇ? ಮೊಬೈಲಿನ ಆ್ಯಪ್?

ಮಗು ಯಾವ ಭಾಷೆಯಲ್ಲಿ ಕನಸು ಹೇಳುತ್ತದೋ ಆ ಭಾಷೆ ಮೊದಲು, ಪದ ಕಟ್ಟಲು ಬಂದ ಮೇಲೆ ಇನ್ನೊಂದು. ಹೊರದೇಶಗಳಲ್ಲಿ ಕನ್ನಡ ಕೂಟಗಳ ವಾರಾಂತ್ಯದ ತರಗತಿಗೆ ಬರುವ ಮಕ್ಕಳಿಗೆ ಇಂಗ್ಲಿಷ್ ಮೊದಲು ಬಂದಿರುತ್ತದೆ. ಅವರಿಗೆ ಅಕ್ಷರಕ್ಕಿಂತ ಮುಂಚೆ ಆರು ತಿಂಗಳು ಬರೀ ಮಾತು, ಹಾಡು, ಒಗಟು ಕೊಡಿ. ಆ್ಯಪ್ ಬೇಡ. ಗಾಜಿನ ಮೇಲೆ ಬೆರಳು ಜಾರುತ್ತದೆ, ಅಕ್ಷರದ ಒರಟುತನ ಬೆರಳಿಗೆ ಸಿಗುವುದಿಲ್ಲ.

ಐದು ವರ್ಷದ ಮಗುವಿಗೆ ವ್ಯಾಕರಣವೇ?

ನಮಗೆ ವ್ಯಾಕರಣ ಅಂದರೆ ಹೈಸ್ಕೂಲಿನಲ್ಲಿ ಬಾಯಿಪಾಠ ಮಾಡಿದ ಪಟ್ಟಿ ನೆನಪಾಗುತ್ತದೆ. ಮಾಂಟೆಸರಿಯಲ್ಲಿ ಅದು ಆಟ, ಪ್ರತಿ ಪದ ಏನು ಕೆಲಸ ಮಾಡುತ್ತದೆ ಎಂದು ಮೈಯಿಂದ ತಿಳಿಯುವುದು. ಪ್ರತಿ ಬಗೆಯ ಪದಕ್ಕೂ ಒಂದು ಬಣ್ಣ, ಒಂದು ಆಕಾರ. ನಾಮಪದಕ್ಕೆ ದೊಡ್ಡ ಕಪ್ಪು ತ್ರಿಕೋನ, ಬೆಟ್ಟದ ಹಾಗೆ ಕದಲದೆ ಕೂತದ್ದು. ಕ್ರಿಯಾಪದಕ್ಕೆ ದೊಡ್ಡ ಕೆಂಪು ವೃತ್ತ, ಉರುಳುವ ಚೆಂಡು. ವಿಶೇಷಣಕ್ಕೆ ನಾಮಪದಕ್ಕಿಂತ ಚಿಕ್ಕ ನೀಲಿ ತ್ರಿಕೋನ. 'ಮೆಲ್ಲಗೆ', 'ಜೋರಾಗಿ' ಯಂಥ ಪದಗಳಿಗೆ ಕಿತ್ತಳೆ ಬಣ್ಣದ ಚಿಕ್ಕ ವೃತ್ತ. ಇಂಗ್ಲಿಷಿನ ಪೆಟ್ಟಿಗೆಯಲ್ಲಿ 'ದಿ', 'ಎ' ಗಳಿಗೆಂದು ತಿಳಿನೀಲಿಯ ಪುಟ್ಟ ತ್ರಿಕೋನವಿರುತ್ತದೆ. ಕನ್ನಡದಲ್ಲಿ ಅದಕ್ಕೆ ಕೆಲಸವಿಲ್ಲ, ಪೆಟ್ಟಿಗೆಯಿಂದ ತೆಗೆದಿಡಿ. ಕೆಲವರು 'ಒಂದು', 'ಆ', 'ಈ' ಮೇಲೆ ಅದನ್ನು ಹಚ್ಚುತ್ತಾರೆ. ನನಗೆ ಅದು ಒಪ್ಪಿಗೆಯಿಲ್ಲ. ಖಾಲಿ ಉಳಿದ ಚಿಹ್ನೆಗಾಗಿ ಭಾಷೆಯನ್ನು ಬಗ್ಗಿಸಬಾರದು.

ಕ್ರಿಯಾಪದವನ್ನು ಹೇಗೆ ಪರಿಚಯಿಸುತ್ತೀರಿ?

ಅಪ್ಪಣೆಯ ಚೀಟಿಗಳಿಂದ. 'ಜಿಗಿ', 'ನಗು', 'ಕೂಗು', 'ಕುಣಿ'. ಮಗು ಓದಿ ಮಾಡಬೇಕು. ಇಲ್ಲಿ ಕನ್ನಡ ನಮಗೆ ದೊಡ್ಡ ಉಪಕಾರ ಮಾಡಿದೆ: ಹೆಚ್ಚಿನ ಕ್ರಿಯಾಪದಗಳಲ್ಲಿ ಅಪ್ಪಣೆಯ ರೂಪವೇ ಧಾತು, ಅಂದರೆ ಪದದ ಮೂಲರೂಪ. ಮುಂದೆ ಹೈಸ್ಕೂಲಿನಲ್ಲಿ ಧಾತು ಎಂಬ ಮಾತು ಬಂದಾಗ, ಅದು ತಾನು ಐದನೇ ವಯಸ್ಸಿನಲ್ಲಿ ಕುಣಿದಾಡಿದ ಚೀಟಿ ಎಂದು ಮಗುವಿಗೆ ಗುರುತು ಸಿಗಲಿ.

ಒಂದು ದಿನದ್ದು ಹೇಳಬೇಕು. ನಮ್ಮಲ್ಲಿ ಮರದ ಪ್ರಾಣಿಗಳಿರುವ ಪುಟ್ಟ ಹೊಲದ ಆಟವಿದೆ. ಹಸು, ಕರು, ಕೋಳಿ, ಆಡು, ಗೊಬ್ಬರದ ಗುಂಡಿ, ಬೇಲಿ. ಹೆಸರಿನ ಚೀಟಿಗಳನ್ನು ಅವುಗಳ ಪಕ್ಕ ಇಡಬೇಕು. ಪಕ್ಕದ ಚಾಪೆಯಲ್ಲಿ ಅಪ್ಪಣೆಯ ಚೀಟಿಗಳು. ಗಾಳಿಗೆ ಎರಡೂ ಬೆರೆತವು. 'ಆಡು' ಎಂಬ ಚೀಟಿ ಕೈಗೆ ಬಂದಾಗ ಒಬ್ಬಳು ಅದನ್ನು ಮರದ ಆಡಿನ ಕೊರಳಿಗೆ ಒರಗಿಸಿದಳು. ಇನ್ನೊಬ್ಬ ಹುಡುಗ ಅದನ್ನು ಕಸಿದು, 'ಇದು ಪ್ರಾಣಿ ಅಲ್ಲ, ಆಡು ಅಂತ ಹೇಳ್ತಿದೆ' ಎಂದು ಎದ್ದು ಕುಣಿಯತೊಡಗಿದ. ಇಬ್ಬರೂ ನನ್ನತ್ತ ನೋಡಿದರು. ನಾನು ಏನೂ ಹೇಳದೆ ಒಂದು ಕಪ್ಪು ತ್ರಿಕೋನ, ಒಂದು ಕೆಂಪು ವೃತ್ತ ತಂದು ಚಾಪೆಯ ಮೇಲಿಟ್ಟೆ. ಹುಡುಗಿ ತ್ರಿಕೋನ ಎತ್ತಿಕೊಂಡಳು, ಹುಡುಗ ವೃತ್ತ ಎತ್ತಿಕೊಂಡ. ಚೀಟಿ ಒಂದೇ. ಆವತ್ತಿನಿಂದ 'ಆಡು, ಹಾಡು, ಕಾಡು, ನಗು' ಎಂಬ ಎರಡು ಮುಖದ ಪದಗಳಿಗೇ ನಮ್ಮಲ್ಲಿ ಒಂದು ಪೆಟ್ಟಿಗೆ ಇದೆ.

ವಿಶೇಷಣದ ಚೀಟಿಗಳನ್ನು ಹಿಂದೆಮುಂದೆ ಮಾಡಿಸುವ ಆಟ ಕನ್ನಡದಲ್ಲಿ ನಡೆಯುತ್ತದೆಯೇ?

ನಡೆಯುತ್ತದೆ, ಆದರೆ ಫಲ ಬೇರೆ. ಇಂಗ್ಲಿಷಿನಲ್ಲಿ ಚೀಟಿ ಅದಲುಬದಲಾದರೆ ಮಗು 'ಹೀಗೆ ಹೇಳೋದಿಲ್ಲ' ಎಂದು ನಗುತ್ತದೆ. ನಮ್ಮಲ್ಲಿ 'ಕೆಂಪು ಹೂವು' ತಿರುಗಿಸಿದರೆ 'ಹೂವು ಕೆಂಪು' ಆಗಿ, ಅದೇ ಒಂದು ಪೂರ್ತಿ ವಾಕ್ಯ. 'ದೊಡ್ಡ ಆನೆ' ತಿರುಗಿಸಿದರೆ ನಿಲ್ಲುವುದಿಲ್ಲ, 'ಆನೆ ದೊಡ್ಡದು' ಎಂದಾಗಬೇಕು. ಮಗು ತಾನಾಗಿ 'ದು' ಸೇರಿಸಿ ಓದುತ್ತದೆ. ನೀವು ಮಾಡಬೇಕಾದದ್ದು 'ದು' ಎಂಬ ಒಂದು ಪುಟ್ಟ ಚೀಟಿ ತಯಾರಾಗಿ ಇಟ್ಟುಕೊಳ್ಳುವುದು.

ವಿಭಕ್ತಿ ಪ್ರತ್ಯಯಗಳನ್ನು ಇಷ್ಟು ಬೇಗ ಮುಟ್ಟಬಹುದೇ?

ಮುಟ್ಟಲೇಬೇಕು, ಏಕೆಂದರೆ ಕನ್ನಡದ ವ್ಯಾಕರಣ ವಾಸಿಸುವುದೇ ಪದದ ಬಾಲದಲ್ಲಿ. ಇಂಗ್ಲಿಷಿನಲ್ಲಿ 'ಇನ್', 'ಟು', 'ಫ್ರಂ' ಎಂದು ನಾಮಪದಕ್ಕಿಂತ ಮೊದಲು ನಿಲ್ಲುವ ಬಿಡಿ ಪದಗಳಿವೆ, ಅವಕ್ಕೆ ಹಸಿರು ಅರ್ಧಚಂದ್ರದ ಚಿಹ್ನೆ. ನಮ್ಮಲ್ಲಿ ಆ ಕೆಲಸವನ್ನು ಗೆ, ಇಂದ, ಅಲ್ಲಿ ಮಾಡುತ್ತವೆ, ಪದಕ್ಕೇ ಅಂಟಿಕೊಂಡು. 'ಮೇಲೆ', 'ಕೆಳಗೆ', 'ಒಳಗೆ' ಯಂಥವು ಮಾತ್ರ ಬಿಡಿಯಾಗಿ ನಿಲ್ಲುತ್ತವೆ, ಅವೂ ನಾಮಪದ ಆದ ಮೇಲೆ.

ಆಟ ಹೀಗೆ. ಒಂದು ಬುಟ್ಟಿ, ನಾ‌ಲ್ಕು ನಿಂಬೆಹಣ್ಣು. ಚೀಟಿಗಳು: 'ಬುಟ್ಟಿಗೆ ಹಾಕು', 'ಬುಟ್ಟಿಯಿಂದ ತೆಗೆ', 'ಬುಟ್ಟಿಯಲ್ಲಿ ಎಣಿಸು'. ಮಗು ಓದುತ್ತದೆ, ಮಾಡುತ್ತದೆ. ಆಮೇಲೆ ಮೂರು ಚೀಟಿಗಳ ಮೊದಲ ಪದವನ್ನು ಒಂದರ ಕೆಳಗೊಂದು ಇಟ್ಟು ಕೇಳಿ: 'ಬುಟ್ಟಿ ಅದೇ ಅಲ್ವಾ, ಬದಲಾದದ್ದು ಎಲ್ಲಿ?' ಕತ್ತರಿ ಕೊಡಿ. ಬುಟ್ಟಿ ಒಂದು ಕಡೆ, ಗೆ, ಯಿಂದ, ಯಲ್ಲಿ ಇನ್ನೊಂದು ಕಡೆ. ಆ ಬಾಲಗಳ ಮೇಲೆ ನಾನು ಹಸಿರು ಅರ್ಧಚಂದ್ರ ಇಡಿಸುತ್ತೇನೆ. ಇದು ನಾನು ಮಾಡಿಕೊಂಡ ಹೊಂದಾಣಿಕೆ, ಸಾಂಪ್ರದಾಯಿಕ ಪೆಟ್ಟಿಗೆಯಲ್ಲಿ ಇಲ್ಲದ್ದು. ಬಾಲದ ಜೊತೆ ಬಂದ 'ಯ' ಎಲ್ಲಿಂದ ಬಂತು ಎಂಬುದು ಸಂಧಿಯ ಪಾಠ, ಈಗ ಹೇಳಬೇಡಿ.

ಪದಗಳನ್ನು ಆರಿಸುವಾಗ ಮಾತ್ರ ಜಾಗ್ರತೆ. ಇ, ಎ ಯಿಂದ ಮುಗಿಯುವ ಪದಗಳು ಅಚ್ಚುಕಟ್ಟಾಗಿ ಕತ್ತರಿಸುತ್ತವೆ: ಮನೆ, ತಟ್ಟೆ, ಕುರ್ಚಿ, ಬುಟ್ಟಿ. ಉ ಯಿಂದ ಮುಗಿಯುವ ಪದ ಹಾಗಲ್ಲ. 'ಚೆಂಡು' ಪದಕ್ಕೆ 'ಅನ್ನು' ಸೇರಿ 'ಚೆಂಡನ್ನು' ಆದಾಗ ಪದದ ತುದಿಯೂ ಪ್ರತ್ಯಯದ ಮೊದಲೂ ಒಂದೇ ಅಕ್ಷರದೊಳಗೆ ಸೇರಿಕೊಂಡಿವೆ. ಕತ್ತರಿ ಎಲ್ಲಿ ಇಟ್ಟರೂ ಏನೋ ಒಂದು ಮುರಿಯುತ್ತದೆ. ಅಂಥವು ಮುಂದಿನ ವರ್ಷಕ್ಕೆ.

ನಾಮಪದ, ಕ್ರಿಯಾಪದ ಎಂಬ ಹೆಸರುಗಳನ್ನು ಯಾವಾಗ ಹೇಳಿಕೊಡಬೇಕು?

ಮಗು ಕೇಳಿದಾಗ, ಅಥವಾ ಚಿಹ್ನೆಯನ್ನು ಅಳುಕಿಲ್ಲದೆ ಇಡಲು ಬಂದಾಗ. ಆಮೇಲೆ ಕ್ರಿಯಾಪದದ ಬಾಲಕ್ಕೂ ಹೋಗಬಹುದು. ಗೊಂಬೆಗಳ ಮುಂದೆ 'ಬಂದ', 'ಬಂದಳು', 'ಬಂತು', 'ಬಂದರು' ಎಂಬ ನಾಲ್ಕು ಚೀಟಿ ಇಡಿ, ಮಗು ಓದಿ ಗೊಂಬೆ ಆರಿಸಲಿ. ಕಳೆದ ವರ್ಷ ಒಬ್ಬ ಹುಡುಗ 'ಬಂದರು' ಚೀಟಿಯ ಮುಂದೆ ಮೊದಲು ನಾಲ್ಕೈದು ಗೊಂಬೆ ಸಾಲಾಗಿ ನಿಲ್ಲಿಸಿದ. ಸ್ವಲ್ಪ ಹೊತ್ತು ನೋಡಿ ಎಲ್ಲವನ್ನೂ ತೆಗೆದು ಬಿಳಿಕೂದಲಿನ ಒಂದೇ ಗೊಂಬೆ ಇಟ್ಟು, 'ಅಜ್ಜಿ ಬಂದರು' ಎಂದ.